ಏಳನೇ ಕ್ಲಾಸ್ ತನಕ ಗಣಿತ ಅಂದರೆ ಪ್ರಾಣ, ಎಂಟಕ್ಕೆ ಬಂದಮೇಲೆ ಬೇಡವೇ ಬೇಡ. ಮೇಷ್ಟ್ರು ಬದಲಾದರೆ ಇಷ್ಟೆಲ್ಲಾ ಆಗುತ್ತಾ?

ಹಾಸನದ_ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ಮಗಳು ಏಳನೇ ಕ್ಲಾಸ್ ತನಕ ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿದಳು. ಮನೆಗೆ ಬಂದ ತಕ್ಷಣ ಬ್ಯಾಗಿನಿಂದ ಮೊದಲು ಹೊರಗೆ ಬರುತ್ತಿದ್ದದ್ದೇ ಗಣಿತದ ನೋಟ್‌ಬುಕ್. ಈ ವರ್ಷ ಹೋಬಳಿಯ ಹೈಸ್ಕೂಲ್‌ಗೆ ಸೇರಿಸಿದೆವು. ಜೂನ್‌ನಲ್ಲಿ ಸೇರಿದವಳು ದಸರಾ ರಜೆ ಬರುವ ಹೊತ್ತಿಗೆ "ನಂಗೆ ಲೆಕ್ಕ ತಲೆಗೆ ಹತ್ತಲ್ಲಮ್ಮ, ಬಿಟ್ಬಿಡು" ಅನ್ನುತ್ತಿದ್ದಾಳೆ.

ಹೊಸ ಮೇಷ್ಟ್ರು ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಪಾಠ ಚೆನ್ನಾಗೇ ಮಾಡುತ್ತಾರಂತೆ. ಆದರೆ ಟೆಸ್ಟ್ ಪೇಪರ್‌ಗಳನ್ನು ಜಾಸ್ತಿ ಮಾರ್ಕ್ಸ್‌ನಿಂದ ಕಮ್ಮಿಗೆ ಜೋಡಿಸಿಕೊಂಡು ಬಂದು, ಅದೇ ಕ್ರಮದಲ್ಲಿ ಹೆಸರು ಕೂಗುತ್ತಾರೆ. ಮೊದಲ ಹತ್ತು ಜನಕ್ಕೆ ಕೈಗೆ ಕೊಟ್ಟು ಏನಾದರೂ ಒಂದು ಮಾತಾಡುತ್ತಾರೆ. ಆಮೇಲೆ ಬರೀ ಹೆಸರು. ಕೊನೆಯ ಏಳೆಂಟು ಪೇಪರ್ ಟೇಬಲ್ ಮೇಲೆ ಇಟ್ಟು "ಉಳಿದವರು ತಗೊಳ್ಳಿ" ಅಂತ ಹೊರಡುತ್ತಾರೆ. ಎಫ್‌ಎ-1ರಲ್ಲಿ, ಅಂದರೆ ವರ್ಷದ ಮೊದಲ ಕಿರುಪರೀಕ್ಷೆಯಲ್ಲಿ, ಇವಳ ಹೆಸರು ನಡುವೆ ಎಲ್ಲೋ ಬಂತು. ಎಫ್‌ಎ-2ರಲ್ಲಿ ಕರೆಯಲೇ ಇಲ್ಲ.

ನಾನು ಹೋಗಿ ಮಾತಾಡಲಾ? ಟ್ಯೂಷನ್‌ಗೆ ಹಾಕಲಾ? ಅಥವಾ ಇದು ವಯಸ್ಸಿನ ಆಟ, ಸುಮ್ನೆ ಇರಲಾ?

ಮಂಡ್ಯ_ಕಬ್ಬು

ಟ್ಯೂಷನ್ ಹಾಕಿ ಅಕ್ಕ. ಹೈಸ್ಕೂಲ್ ಗಣಿತ ಮನೆಯಲ್ಲಿ ಹೇಳಿಕೊಡೋಕೆ ಆಗಲ್ಲ.

ನಿವೃತ್ತ_ಎಚ್‌ಎಂ_ಬಾಗಲಕೋಟೆ

ತಾಯಿ, ನಾನು ಜೀವಮಾನವೆಲ್ಲ ಗಣಿತ, ವಿಜ್ಞಾನ ಹೇಳಿದವನು. ನಮ್ಮ ಕಡೆ "ಛಡಿ ಛಂ ಛಂ, ವಿದ್ಯಾ ಘಂ ಘಂ" ಅನ್ನುವ ಮಾತಿದೆ. ಈಗ ಛಡಿ ಹೋಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿನ ಮೈ ಮುಟ್ಟುವ ಹಾಗಿಲ್ಲ, ಮನಸ್ಸಿಗೆ ಹಿಂಸೆ ಕೊಡುವ ಹಾಗೂ ಇಲ್ಲ. ಇರಲಿ, ಒಪ್ಪಿದೆವು. ಈಗ ಮಾರ್ಕ್ಸ್ ಕ್ರಮದಲ್ಲಿ ಹೆಸರು ಕರೆಯುವುದೂ ತಪ್ಪು ಅಂದರೆ ಮಾಸ್ತರನ ಕೈಯಲ್ಲಿ ಉಳಿಯುವುದಾದರೂ ಏನು? ಸ್ವಲ್ಪ ನಾಚಿಕೆ ಆದರೆ ಮುಂದಿನ ಸಲ ಓದುತ್ತಾರೆ. ನಮ್ಮನ್ನೂ ಹಾಗೇ ತಿದ್ದಿದರು. ಈಗಿನ ಪಾಲಕರು ಮಕ್ಕಳನ್ನು ಬಹಳ ಮೆತ್ತಗೆ ಬೆಳೆಸುತ್ತಿದ್ದೀರಿ.

ಕೊನೇ_ಬೆಂಚು

ಸರ್, ನಾನೂ ನಿಮ್ಮ ಜಿಲ್ಲೆಯವನೇ. ಛಡಿ ತಿಂದು ಉದ್ಧಾರ ಆದವರು ಮುಂದೆ ನಿಮ್ಮನ್ನು ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ನಾಚಿಕೆಯಾಗಿ ಎಂಟನೆಯದಕ್ಕೇ ಶಾಲೆ ಬಿಟ್ಟು ಗೋವಾಕ್ಕೆ ದುಡಿಯಲು ಹೋದವರು ಆ ಕಾರ್ಯಕ್ರಮಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಅವರನ್ನೂ ಹಿಡಿಯಬೇಕಲ್ವಾ? ನಮ್ಮ ಬ್ಯಾಚಿನಲ್ಲೇ ಅಂಥವರಿದ್ದಾರೆ.

ಧಾರವಾಡದ_ಬಿಎಡ್_ಮೇಡಂ

ಅಮ್ಮಾವ್ರೇ, ನಿಮ್ಮ ಪ್ರಶ್ನೆ ಹಳೆಯದು, ಆದರೆ ಬಹಳ ಒಳ್ಳೆಯದು. ನಾನು ಮೇಷ್ಟ್ರಾಗುವವರಿಗೆ ಪಾಠ ಮಾಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಅಮೆರಿಕದ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ಅವರ ಅಧ್ಯಯನ 1968ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟರು. ಆಮೇಲೆ ಶಿಕ್ಷಕರಿಗೆ ಸುಮಾರು ಶೇ 20 ಮಕ್ಕಳ ಹೆಸರು ಕೊಟ್ಟು "ಈ ಮಕ್ಕಳು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ" ಅಂದರು. ನಿಜ ಏನೆಂದರೆ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಸುಮ್ನೆ ಆರಿಸಿದ್ದರು. ಪರೀಕ್ಷೆಗೂ ಆ ಪಟ್ಟಿಗೂ ಸಂಬಂಧವೇ ಇರಲಿಲ್ಲ. ವರ್ಷದ ಕೊನೆಗೆ ನೋಡಿದರೆ ಒಂದು ಮತ್ತು ಎರಡನೇ ತರಗತಿಯಲ್ಲಿ ಆ ಮಕ್ಕಳು ಉಳಿದವರಿಗಿಂತ ಜಾಸ್ತಿ ಮುಂದೆ ಹೋಗಿದ್ದರು.

ಹೇಗೆ ಹೋದರು? ಶಿಕ್ಷಕರು ಯಾರಿಗೂ ಭಾಷಣ ಮಾಡಿರಲಿಲ್ಲ. ರೋಸೆಂಥಾಲ್ ಮುಂದೆ ಇದನ್ನು ಬಿಡಿಸಿ ಹೇಳಿದರು. ಮಗು ಕಲಿಯುತ್ತದೆ ಅಂತ ನಂಬಿದವರು ಅದರ ಜೊತೆ ಸ್ವಲ್ಪ ಹೆಚ್ಚು ನಗುತ್ತಾರೆ. ಸ್ವಲ್ಪ ಕಷ್ಟದ್ದನ್ನೂ ಹೇಳಿಕೊಡುತ್ತಾರೆ. ಉತ್ತರ ಹೇಳಲು ಹೆಚ್ಚು ಅವಕಾಶ ಕೊಡುತ್ತಾರೆ. ತಪ್ಪಾದರೆ "ತಪ್ಪು" ಅಂತ ಬಿಡದೆ, ಎಲ್ಲಿ ತಪ್ಪಿತು ಅಂತ ಹೇಳುತ್ತಾರೆ. ಇದೆಲ್ಲಾ ಬೇಕು ಅಂತ ಮಾಡುವುದಲ್ಲ, ಕೈ ತನ್ನಷ್ಟಕ್ಕೆ ಮಾಡುತ್ತದೆ.

ಉತ್ತರ ಹೇಳುವ ಅವಕಾಶದ ಬಗ್ಗೆ ನಾನು ಜಾಸ್ತಿ ಒತ್ತಿ ಹೇಳುತ್ತೇನೆ. ಮೇರಿ ಬಡ್ ರೋ ಅನ್ನುವವರು ವಿಜ್ಞಾನ ತರಗತಿಗಳನ್ನು ಟೇಪ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್! ಅಷ್ಟರಲ್ಲಿ ಉತ್ತರ ಬರದಿದ್ದರೆ ಬೇರೆಯವರಿಗೆ ಹೋಗುತ್ತಿದ್ದರು, ಇಲ್ಲಾ ತಾವೇ ಹೇಳುತ್ತಿದ್ದರು. ಜಾಣರು ಅಂದುಕೊಂಡ ಮಕ್ಕಳಿಗೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತಿದ್ದರು. 3 ಸೆಕೆಂಡ್ ಕಾಯಲು ಅಭ್ಯಾಸ ಮಾಡಿಸಿದಾಗ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಅನ್ನುವುದು ಕಮ್ಮಿಯಾಯಿತು, ಯಾವತ್ತೂ ಬಾಯಿ ಬಿಡದ ಮಕ್ಕಳೂ ಮಾತಾಡಿದರು.

ನಮ್ಮ ವಿದ್ಯಾರ್ಥಿಗಳು ಪಾಠಾಭ್ಯಾಸಕ್ಕೆ ಶಾಲೆಗೆ ಹೋದಾಗ ನಾನು ಹಿಂದೆ ಕೂತು ಇದನ್ನೇ ನೋಡುತ್ತೇನೆ. ಪಾಠ ಯೋಜನೆಯಲ್ಲಿ ಎಲ್ಲಾ ಇರುತ್ತದೆ, ಚಾರ್ಟ್ ಇರುತ್ತದೆ, ಥರ್ಮಾಕೋಲ್ ಮಾದರಿ ಇರುತ್ತದೆ. ಪ್ರಶ್ನೆ ಮಾತ್ರ ಮುಂದಿನ ಎರಡು ಬೆಂಚಿನಲ್ಲೇ ಸುತ್ತುತ್ತಿರುತ್ತದೆ.

ನಿಮ್ಮ ಮಗಳ ಮೇಷ್ಟ್ರು ಬೈಯುವುದಿಲ್ಲ ನಿಜ. ಆದರೆ ಟೇಬಲ್ ಮೇಲೆ ಬಿಟ್ಟುಹೋದ ಪೇಪರ್ ಒಂದು ಮಾತು ಹೇಳುತ್ತದಲ್ಲ, ಅದು ಮಗುವಿಗೆ ಅರ್ಥವಾಗುತ್ತದೆ.

ಲೆಕ್ಕ_ಪಕ್ಕಾ

ಮೇಡಂ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, 1968ರ ಆ ಅಧ್ಯಯನಕ್ಕೆ ಆಗಲೇ ದೊಡ್ಡ ಟೀಕೆ ಬಂದಿತ್ತು. ಅಷ್ಟು ಚಿಕ್ಕ ಮಕ್ಕಳಿಗೆ ಆ ಪರೀಕ್ಷೆಯೇ ಹೊಂದುವುದಿಲ್ಲ ಅಂತ ರಾಬರ್ಟ್ ಥಾರ್ನ್‌ಡೈಕ್ ಬರೆದರು. ಮೇಲಿನ ತರಗತಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಕಾಣಲಿಲ್ಲ. ಆಮೇಲೆ ಬಂದ ಅಧ್ಯಯನಗಳನ್ನೆಲ್ಲಾ ಸೇರಿಸಿ ನೋಡಿದರೆ ಪರಿಣಾಮ ಇದೆ, ಆದರೆ ಸಾಮಾನ್ಯವಾಗಿ ಚಿಕ್ಕದು. ಎಷ್ಟೋ ಸಲ ಶಿಕ್ಷಕರ ಅಂದಾಜು ಸರಿಯಾಗಿರುವುದರಿಂದಲೇ ಫಲಿತಾಂಶಕ್ಕೆ ಹೊಂದುತ್ತದೆ. ಪ್ರತಿ ತರಬೇತಿಯಲ್ಲೂ ಈ ಕಥೆಯನ್ನು ಪವಾಡದಂತೆ ಹೇಳುತ್ತಾರೆ, ಅದಕ್ಕೇ ಬರೆದೆ.

ಧಾರವಾಡದ_ಬಿಎಡ್_ಮೇಡಂ

ಒಪ್ಪಿದೆ ಸರ್. ಪವಾಡ ಅಂತ ನಾನೂ ಹೇಳುವುದಿಲ್ಲ. ಆದರೆ ಒಂದು ಸೇರಿಸುತ್ತೇನೆ. 1984ರಲ್ಲಿ ಸ್ಟೀಫನ್ ರಾಡೆನ್‌ಬುಶ್ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಶಿಕ್ಷಕರಿಗೆ ಮಕ್ಕಳ ಪರಿಚಯ ಮೊದಲೇ ಎರಡು ವಾರಕ್ಕಿಂತ ಜಾಸ್ತಿ ಆಗಿದ್ದರೆ, ಹೊರಗಿನಿಂದ ಯಾರು ಏನು ಹೇಳಿದರೂ ಪರಿಣಾಮ ಹತ್ತಿರ ಹತ್ತಿರ ಸೊನ್ನೆ. ಪರಿಚಯವೇ ಇಲ್ಲದಿದ್ದಾಗ ಕಾಣುತ್ತದೆ.

ಇದನ್ನು ನಮ್ಮ ಶಾಲೆಗೆ ತಂದು ನೋಡಿ. ಎಂಟನೇ ತರಗತಿಯ ಜೂನ್ ತಿಂಗಳು. ಏಳೆಂಟು ಊರಿನ ಮಕ್ಕಳು ಒಂದೇ ರೂಮಿಗೆ ಬರುತ್ತಾರೆ. ಮೇಷ್ಟ್ರಿಗೆ ಯಾರದ್ದೂ ಮುಖ ಗೊತ್ತಿಲ್ಲ. ಅದೇ ವಾರ ಸೇತುಬಂಧದ ಪೂರ್ವ ಪರೀಕ್ಷೆ. ಮಗುವಿಗೆ ಏನು ಬರುವುದಿಲ್ಲ ಅಂತ ತಿಳಿದು ಕಲಿಸಲು ಇರುವ ಪರೀಕ್ಷೆ ಅದು. ಒಳ್ಳೆಯ ಕೆಲಸವೇ. ಆದರೆ ಬೇಸಿಗೆ ರಜೆಯೆಲ್ಲಾ ಅಜ್ಜಿ ಮನೆಯಲ್ಲಿ ಆಡಿ ಬಂದ ಮಗು ಅಂದು ಬರೆದ ಪೇಪರ್ ನೋಡಿ "ಇವಳು ಇಷ್ಟೇ" ಅಂತ ಮನಸ್ಸಿನಲ್ಲಿ ಕೂತುಬಿಟ್ಟರೆ ಅದೇ ಆಮೇಲೆ ಎಳೆಯುತ್ತಾ ಹೋಗುತ್ತದೆ. ಪರಿಣಾಮ ಚಿಕ್ಕದೇ ಇರಬಹುದು. ವರ್ಷಕ್ಕೆ ಆರು ಪರೀಕ್ಷೆ, ಆರು ಸಲ ಪೇಪರ್ ಹಂಚುತ್ತಾರೆ ನೋಡಿ.

ಯಾದಗಿರಿ_ಗಣಿತ_ಮಾಸ್ತರ್

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಮೇಷ್ಟ್ರ ಕಡೆಯ ಮಾತೂ ಒಂದಿಷ್ಟು ಇರಲಿ.

ಒಂದೊಂದು ಕ್ಲಾಸಿನಲ್ಲಿ ಅರವತ್ತು ಎಪ್ಪತ್ತು ಮಕ್ಕಳು. ಪಕ್ಕದ ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಬಂದರೆ ಬಂದರು. ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ಚುನಾವಣೆ ಬಂದರೆ ಮತದಾರರ ಪಟ್ಟಿ ನೋಡುವ ಬಿಎಲ್‌ಒ ಕೆಲಸ. 3 ಸೆಕೆಂಡ್ ಕಾಯಿರಿ ಅಂತ ಮೇಡಂ ಹೇಳುತ್ತಾರೆ. ಕಾಯಬಹುದು. ಆದರೆ ಡಿಸೆಂಬರ್‌ಗೆ ಸಿಲಬಸ್ ಮುಗಿಸಿ ಅಂತ ಬಿಇಒ ಮೀಟಿಂಗ್‌ನಲ್ಲಿ ನಿಲ್ಲಿಸಿ ಕೇಳುವಾಗ ಮೇಷ್ಟ್ರಿಗೆ ಯಾರೂ 3 ಸೆಕೆಂಡ್ ಕಾಯುವುದಿಲ್ಲ. ಅಲ್ಲಿ ನಮ್ಮನ್ನೂ ರಿಸಲ್ಟ್ ಕ್ರಮದಲ್ಲೇ ಕರೆಯುತ್ತಾರೆ! ಮೊದಲ ಮೂರು ಶಾಲೆಗೆ ಚಪ್ಪಾಳೆ, ಕೊನೆಯ ಮೂರಕ್ಕೆ ನೋಟಿಸ್. ಮೇಲಿಂದ ಬಂದದ್ದು ಕೆಳಗೆ ಇಳಿಯುತ್ತದೆ, ಅಷ್ಟೇ.

ಈಗ ಅಮ್ಮಾವ್ರ ಮಗಳ ವಿಷಯ. ಎಲ್ಲರೂ ಮನಸ್ಸಿನ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಮೊದಲು ನೋಟ್‌ಬುಕ್ ಕೇಳುತ್ತೇನೆ. ಎಂಟರಲ್ಲಿ ಭಾಗಲಬ್ಧ ಸಂಖ್ಯೆ, ರೇಖಾತ್ಮಕ ಸಮೀಕರಣ ಬರುತ್ತವೆ. ಭಿನ್ನರಾಶಿ ಗಟ್ಟಿ ಇಲ್ಲದಿದ್ದರೆ ಅಲ್ಲೇ ಕಾಲು ಹೂತುಹೋಗುತ್ತದೆ. ಏಳರ ತನಕ ಜಾಣೆ ಅನ್ನಿಸಿಕೊಂಡ ಎಷ್ಟೋ ಮಕ್ಕಳು ಇಲ್ಲೇ ಸಿಕ್ಕಿಬೀಳುತ್ತಾರೆ.

ಒಂದು ಉದಾಹರಣೆ. ನಮ್ಮಲ್ಲಿ ಒಬ್ಬ ಹುಡುಗ 2/3 + 1/4 = 3/7 ಅಂತ ಬರೆದ. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿದ್ದಾನೆ. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಹೊಡೆದು ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ವಿಧಾನ ಬೋರ್ಡಿನ ಮೇಲೆ ಬರೆದರೆ ಅವನು ನೋಡಿಕೊಂಡು ಬರೆಯುತ್ತಾನೆ, ನಾಳೆ ಮತ್ತೆ 3/7. ಅದಕ್ಕೆ ಏನೂ ಹೇಳದೆ "ನಿನ್ನ ರೀತಿಯಲ್ಲೇ ಅರ್ಧಕ್ಕೆ ಅರ್ಧ ಕೂಡಿಸು" ಅಂದೆ. 1/2 + 1/2. ಬರೆದ: 2/4. "2/4 ಅಂದರೆ ಎಷ್ಟು?" "ಅರ್ಧ ಸರ್." "ಅರ್ಧ ರೊಟ್ಟಿ ತಿಂದು ಮತ್ತೆ ಅರ್ಧ ತಿಂದರೆ ಒಟ್ಟು ಅರ್ಧಾನಾ?" ಒಂದು ಕ್ಷಣ ಪೇಪರ್ ನೋಡಿದ. ಆಮೇಲೆ ತಾನೇ ನಕ್ಕ. "ಹಂಗಾದ್ರ ಇದು ಸುಳ್ಳ ಐತಿ ಸರ್, ಖರೇ ಹ್ಯಾಂಗ ಕೂಡ್ಸೂದು?" ಅಂತ ಅವನೇ ಕೇಳಿದ. ನೀವು ಹುಡುಕುತ್ತಿರುವ ಆಸಕ್ತಿ ಅನ್ನುವುದು ಆ ಪ್ರಶ್ನೆಯಲ್ಲಿದೆ. ಅವನು ಕೇಳಿದ ಮೇಲೆ ಲಸಾಅ ಹೇಳಿದೆ, ಉಳಿಯಿತು.

ಆಸಕ್ತಿ ಬಂದಮೇಲೆ ಕಲಿಯುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಉಲ್ಟಾ. ಒಂದು ಲೆಕ್ಕ ತನ್ನ ಕೈಯಾರೆ ಬಿಡಿಸಿದ ಮೇಲೆ ಆಸಕ್ತಿ ಬರುತ್ತದೆ.

ಪಾಸಿಂಗ್ ಪ್ಯಾಕೇಜ್ ಗೊತ್ತಲ್ಲ? ಎಸ್ಸೆಸ್ಸೆಲ್ಸಿಯಲ್ಲಿ ಹಿಂದುಳಿದವರಿಗೆ ನಕ್ಷೆ, ರಚನೆ, ಸಂಖ್ಯಾಶಾಸ್ತ್ರ, ಒಂದೆರಡು ಪ್ರಮೇಯ ಇಷ್ಟನ್ನೇ ತಿಕ್ಕುವುದು. ಎಲ್ಲರೂ ಅದನ್ನು ಬೈಯುತ್ತಾರೆ. ನಾನೂ ಬೈಯುತ್ತೇನೆ, ಏಕೆಂದರೆ "ಸಿ ಗುಂಪು" ಅಂತ ಹೆಸರಿಟ್ಟು ಬೇರೆ ರೂಮಿನಲ್ಲಿ ಕೂರಿಸುತ್ತಾರೆ. ಆದರೆ ಒಂದು ವಿಚಿತ್ರ ಹೇಳುತ್ತೇನೆ. ವರ್ಷಗಟ್ಟಲೆ ಗಣಿತದಲ್ಲಿ ಒಂದು ರೈಟ್ ಮಾರ್ಕ್ ನೋಡದ ಹುಡುಗಿ ಕಂಪಾಸ್ ಹಿಡಿದು ವೃತ್ತಕ್ಕೆ ಸ್ಪರ್ಶಕ ಎಳೆದು, ಅಳತೆ ಸರಿ ಬಂದಾಗ "ಸರ್ ಇನ್ನೊಂದ್ ಕೊಡ್ರಿ" ಅನ್ನುತ್ತಾಳೆ. ಫೆಬ್ರವರಿಯಲ್ಲಿ! ಈ ಮಾತು ಎಂಟನೇ ಕ್ಲಾಸಿನ ಜುಲೈನಲ್ಲಿ ಬರಬೇಕಿತ್ತು.

ಕೊನೇ_ಬೆಂಚು

ಮಾಸ್ತರ್ರೇ, ಆ ಅರ್ಧ ರೊಟ್ಟಿ ಲೆಕ್ಕ ನನಗೂ ಇವತ್ತೇ ಅರ್ಥ ಆಗಿದ್ದು 😀

ಕೋಟೆ_ನಲಿಕಲಿ

ನಾನು ಎಚ್.ಡಿ. ಕೋಟೆ ಕಡೆಯ ಶಿಕ್ಷಕಿ. ಚಿಕ್ಕ ತರಗತಿಯ ಮಕ್ಕಳು ಕಾರ್ಡ್ ಹಿಡಿದು ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಹುಟ್ಟಿದ್ದೇ ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ. ಇಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಶಾಲೆಗಳನ್ನು ನೋಡಿ ಬಂದು ತಾವೇ ಕಾರ್ಡ್ ಬರೆದರು. ಆಮೇಲೆ ರಾಜ್ಯಕ್ಕೆಲ್ಲಾ ಹಬ್ಬಿತು.

ಅದರಲ್ಲಿ ರ‍್ಯಾಂಕ್ ಇಲ್ಲ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತನ್ನ ಮೈಲಿಗಲ್ಲು ಎಲ್ಲಿದೆ ಅಂತ ತಾನೇ ನೋಡಿ ಮುಂದಿನ ಕಾರ್ಡ್ ತೆಗೆದುಕೊಂಡು ತನ್ನ ತಟ್ಟೆಗೆ, ಅಂದರೆ ಗುಂಪಿಗೆ ಹೋಗಿ ಕೂರುತ್ತದೆ. ವಾರ ರಜೆ ಹಾಕಿ ಬಂದ ಮಗು ಬಿಟ್ಟಲ್ಲಿಂದಲೇ ಶುರು ಮಾಡುತ್ತದೆ. ನಮ್ಮ ಕಡೆ ಕೊಡಗಿನ ಕಾಫಿ ಕೆಲಸಕ್ಕೆ ಅಪ್ಪ ಅಮ್ಮನ ಜೊತೆ ಹೋಗುವ ಮಕ್ಕಳಿದ್ದಾರೆ, ಅವರಿಗೆ ಇದು ಎಷ್ಟು ದೊಡ್ಡದು ಅಂತ ಯೋಚಿಸಿ. ತಿಂಗಳು ಬಿಟ್ಟು ಬಂದರೂ "ನನ್ನ ಕಾರ್ಡ್ ಇದು ಟೀಚರ್" ಅಂತ ಎತ್ತಿಕೊಳ್ಳುತ್ತವೆ.

ಎಲ್ಲಾ ಕಡೆ ಚೆನ್ನಾಗಿ ನಡೆಯುತ್ತಿದೆ ಅಂತ ಅಲ್ಲ. ಕಾರ್ಡ್ ಹರಿದಿರುತ್ತವೆ. ಮೂರು ತರಗತಿ ಒಬ್ಬರೇ ನೋಡಬೇಕು, ಜೊತೆಗೆ ನಾಲ್ಕು ಐದೂ ಸೇರಿಕೊಂಡರೆ ಮುಗಿಯಿತು. ಪೋಷಕರು ಬಂದು "ಬರೀ ಆಡಿಸ್ತೀರಿ, ಓದಿಸಲ್ಲ" ಅನ್ನುತ್ತಾರೆ. ಆದರೆ ಮೂರು ವರ್ಷ ಹೀಗೆ ಕಲಿತ ಮಗುವಿಗೆ ನಾಲ್ಕರಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಒಂದೇ ಪುಟ, ಒಂದೇ ದಿನ. ಅಲ್ಲಿಂದಲೇ "ನಾನು ಹಿಂದೆ" ಅನ್ನುವುದು ಶುರುವಾಗುತ್ತದೆ. ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ಅದು ಗಟ್ಟಿಯಾಗಿರುತ್ತದೆ.

ಪರ್ಪಲ್_ಲೈನ್

ಬೇರೆ ಒಂದು ಕೋನ ಹೇಳಲಾ? ನನಗೂ ಹೈಸ್ಕೂಲಿನಲ್ಲಿ ಒಬ್ಬರು ಅದ್ಭುತ ಸರ್ ಇದ್ದರು, ಸಮಾಜ ವಿಜ್ಞಾನಕ್ಕೆ. ಅವರ ಪೀರಿಯಡ್‌ಗಾಗಿಯೇ ಶಾಲೆಗೆ ಹೋಗುತ್ತಿದ್ದೆ. ಒಂಬತ್ತರ ಮಧ್ಯದಲ್ಲಿ ಅವರಿಗೆ ವರ್ಗಾವಣೆ ಆಯಿತು. ಅಲ್ಲಿಗೆ ಇತಿಹಾಸವೂ ಮುಗಿಯಿತು. ಪುಸ್ತಕ ಮುಟ್ಟಲು ಮನಸ್ಸೇ ಬರಲಿಲ್ಲ. ಈಗ ಯೋಚಿಸಿದರೆ ನನಗೆ ಇಷ್ಟ ಇದ್ದದ್ದು ವಿಷಯ ಅಲ್ಲ, ಸರ್ ನನ್ನ ಕಡೆ ನೋಡಿ "ಭೇಷ್" ಅನ್ನುವುದು. ಅಮ್ಮಾವ್ರ ಮಗಳಿಗೂ ಹಾಗೇ ಇರಬಹುದಾ? ಹಳೇ ಮೇಷ್ಟ್ರು ತುಂಬಾ ಮುದ್ದು ಮಾಡಿದ್ದರಾ?

ಹಾಸನದ_ಅಮ್ಮ

ಪರ್ಪಲ್ ಲೈನ್ ಅವರೇ, ನಿಜ ಹೇಳಬೇಕೆಂದರೆ ಹೌದು. ಹಳೇ ಸರ್ "ನಮ್ಮ ಶಾಲೆ ಶಕುಂತಲಾದೇವಿ" ಅಂತಲೇ ಕರೆಯುತ್ತಿದ್ದರು. ನಮಗೂ ಖುಷಿಯಾಗುತ್ತಿತ್ತು.

ಧಾರವಾಡದ_ಬಿಎಡ್_ಮೇಡಂ

ಅಯ್ಯೋ, ಇದೊಂದು ಬಹಳ ಮುಖ್ಯ. 1998ರಲ್ಲಿ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ ನೀನು ಜಾಣ ಅಂದರು, ಕೆಲವರಿಗೆ ನೀನು ಚೆನ್ನಾಗಿ ಕಷ್ಟಪಟ್ಟೆ ಅಂದರು. ಮುಂದೆ ಕಷ್ಟದ ಲೆಕ್ಕ ಬಂದಾಗ "ಜಾಣ" ಅನ್ನಿಸಿಕೊಂಡವರು ಬೇಗ ಕೈಬಿಟ್ಟರು. ಎಷ್ಟು ಮಾರ್ಕ್ಸ್ ಬಂತು ಅಂತ ಬರೆಯಲು ಹೇಳಿದರೆ ಅವರಲ್ಲಿ ಸುಮಾರು ಶೇ 40 ಮಂದಿ ಸುಳ್ಳು ಬರೆದರು! ಜಾಣೆ ಅನ್ನುವ ಪಟ್ಟ ಉಳಿಸಿಕೊಳ್ಳಬೇಕಲ್ಲ.

ಹಳೇ ಸರ್ ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಅನುಮಾನವೇ ಇಲ್ಲ. ಆದರೆ ಶಕುಂತಲಾದೇವಿಗೆ ಲೆಕ್ಕ ತಪ್ಪಿದರೆ ಏನು ಮಾಡಬೇಕು ಅಂತ ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಎಂಟರಲ್ಲಿ ತಪ್ಪಿತು. ಪೇಪರ್ ಟೇಬಲ್ ಮೇಲೆ ಉಳಿಯಿತು. ಎರಡೂ ಸೇರಿಕೊಂಡವು.

ಕಾನ್ವೆಂಟ್_ಮಿಸ್

ನಾವು ಯುಕೆಜಿಯಲ್ಲಿ ಸ್ಟಾರ್ ಸ್ಟಿಕ್ಕರ್ ಕೊಡುತ್ತೇವೆ. ಮಕ್ಕಳು ಸ್ಟಾರ್‌ಗೋಸ್ಕರ ಏನು ಬೇಕಾದರೂ ಮಾಡುತ್ತವೆ. ಇದೂ ತಪ್ಪಾ ಮೇಡಂ?

ಲೆಕ್ಕ_ಪಕ್ಕಾ

ಇದಕ್ಕೆ ನಾನೇ ಹೇಳುತ್ತೇನೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಇಬ್ಬರು ಸೇರಿ, ಚಿತ್ರ ಬರೆಯುವುದು ಇಷ್ಟ ಇದ್ದ ನರ್ಸರಿ ಮಕ್ಕಳನ್ನು ನೋಡಿದರು. ಬರೆದರೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿದ ಮಕ್ಕಳು, ಒಂದೆರಡು ವಾರದ ನಂತರ ಬಹುಮಾನ ಇಲ್ಲದಿದ್ದಾಗ ಮೊದಲಿಗಿಂತ ಕಮ್ಮಿ ಬರೆದರು. ಹೇಳದೆ ಕೊಟ್ಟವರಿಗೆ ಹಾಗಾಗಲಿಲ್ಲ. ಆದ್ದರಿಂದ ಮಿಸ್, ಮಗುವಿಗೆ ಈಗಾಗಲೇ ಇಷ್ಟ ಇರುವ ಕೆಲಸಕ್ಕೆ ಸ್ಟಾರ್ ತೋರಿಸಬೇಡಿ. ಹಲ್ಲುಜ್ಜಲು ಬೇಕಾದರೆ ತೋರಿಸಿ.

ನಿವೃತ್ತ_ಎಚ್‌ಎಂ_ಬಾಗಲಕೋಟೆ

ಎಲ್ಲಾ ಓದಿದೆ. ಸಂಶೋಧನೆ ಎಲ್ಲಾ ಸರಿ. ಆದರೆ ಶಿಸ್ತು ಬೇಡ ಅಂತ ಯಾರೂ ತಿಳಿಯಬಾರದು. ಯಾದಗಿರಿ ಮಾಸ್ತರರು ಹೇಳಿದ ಹಾಗೆ ದಿನಾ ನೋಟ್‌ಬುಕ್ ನೋಡುವ ಮಾಸ್ತರನಿಗೆ ಛಡಿ ಬೇಕಾಗುವುದಿಲ್ಲ, ಅದನ್ನು ಒಪ್ಪುತ್ತೇನೆ. ನೋಟ್‌ಬುಕ್ ನೋಡದೆ ಬರೀ ಪ್ರೀತಿ ತೋರಿಸುವವರ ಬಗ್ಗೆ ನನಗೆ ಭಯ. ಕೊನೇ ಬೆಂಚಿನವರೇ, ಗೋವಾದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಹಾಸನದ_ಅಮ್ಮ

ಎಲ್ಲರಿಗೂ ಧನ್ಯವಾದ. ಇವತ್ತು ಶನಿವಾರ, ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಹೋಗಿದ್ದೆ.

ಮೇಷ್ಟ್ರು ಕೂರಿಸಿಯೇ ಮಾತಾಡಿಸಿದರು. ಹೆಸರು ಕರೆಯುವ ವಿಷಯ ಎತ್ತಿದಾಗ ಸ್ವಲ್ಪ ಮುಖ ಬಿಗಿಯಾಯಿತು. "ಚೆನ್ನಾಗಿ ಓದುವವರಿಗೆ ಪ್ರೋತ್ಸಾಹ ಬೇಡವೇನಮ್ಮ?" ಅಂದರು. ಬೇಕು ಸರ್, ಆದರೆ ಕೊನೆಯವರಿಗೂ ಕೈಗೇ ಕೊಡಿ, ಅಷ್ಟು ಸಾಕು ಅಂದೆ. "ನೋಡೋಣ" ಅಂದರು. ಅದರ ಬಗ್ಗೆ ಅಷ್ಟೇ.

ಆಮೇಲೆ ಅವಳ ಪೇಪರ್ ನೋಡಬಹುದಾ ಅಂತ ಕೇಳಿದೆ. ತೆಗೆದು ಕೊಡುವಾಗ ಅವರೇ ಪುಟ ತಿರುಗಿಸಿದರು. ಸಮೀಕರಣದ ಎರಡು ಲೆಕ್ಕದಲ್ಲೂ ಪಕ್ಷಾಂತರ (ಒಂದು ಕಡೆಯ ಪದವನ್ನು ಚಿಹ್ನೆ ಬದಲಿಸಿ ಇನ್ನೊಂದು ಕಡೆಗೆ ಒಯ್ಯುವುದು) ಸರಿ ಮಾಡಿದ್ದಾಳೆ, ಕೊನೆಯಲ್ಲಿ ಭಿನ್ನರಾಶಿ ಕೂಡುವಲ್ಲಿ ಎಡವಿದ್ದಾಳೆ. "ಸಮೀಕರಣ ಬರುತ್ತದಲ್ಲ ಇವಳಿಗೆ" ಅಂತ ಅವರೇ ಅಂದರು. ಪೆನ್ ತೆಗೆದು ಆ ಹೆಜ್ಜೆಗಳ ಪಕ್ಕ ರೈಟ್ ಹಾಕಿ, "ಸೋಮವಾರ ನನ್ನ ಹತ್ತಿರ ಬರಲು ಹೇಳಿ" ಅಂದರು.

ಮನೆಗೆ ಬಂದು ಮಾಸ್ತರ್ ಹೇಳಿದ ಅರ್ಧಕ್ಕೆ ಅರ್ಧ ಕೂಡಿಸಲು ಹೇಳಿದೆ. ಇವಳೂ ಮೇಲೆ ಕೆಳಗೆ ಕೂಡಿಸುವವಳೇ! ಪಕ್ಕದ ಮನೆ ಹುಡುಗನ ಐದನೇ ಕ್ಲಾಸ್ ಪುಸ್ತಕ ತಂದುಕೊಟ್ಟಿದ್ದೇನೆ. ಯಾರಿಗಾದರೂ ಕಂಡುಬಿಟ್ಟರೆ ಅಂತ ಅದಕ್ಕೆ ಪೇಪರ್ ಬೈಂಡ್ ಹಾಕಿ ಕೂತಿದ್ದಾಳೆ.

ಯಾದಗಿರಿ_ಗಣಿತ_ಮಾಸ್ತರ್

ಬಹಳ ಒಳ್ಳೆಯದಾಯಿತು ಅಮ್ಮ. ಪಕ್ಷಾಂತರ ಸರಿ ಬರುತ್ತಿದ್ದರೆ ಐದರ ಪುಸ್ತಕವೆಲ್ಲಾ ಬೇಡ, ಆರರ ಭಿನ್ನರಾಶಿ ಅಧ್ಯಾಯ ಒಂದೇ ಸಾಕು. ದಿನಕ್ಕೆ ನಾಲ್ಕೇ ಲೆಕ್ಕ. ಮೊದಲು ಛೇದ ಒಂದೇ ಇರುವವು, ಆಮೇಲೆ ಒಂದು ಛೇದ ಇನ್ನೊಂದರ ಗುಣಕವಾಗಿರುವವು, 1/2 + 1/4 ಥರದ್ದು. ಬೇರೆ ಬೇರೆ ಛೇದ ಮೂರನೇ ವಾರಕ್ಕೆ. ಕೂಡುವ ಮೊದಲು "ಉತ್ತರ ಒಂದಕ್ಕಿಂತ ಜಾಸ್ತಿ ಬರುತ್ತಾ, ಕಮ್ಮಿ ಬರುತ್ತಾ?" ಅಂತ ಊಹಿಸಲು ಹೇಳಿ. ಉತ್ತರ ತಪ್ಪಿದರೆ ಅವಳಿಗೇ ಗೊತ್ತಾಗುತ್ತದೆ, ನೀವು ಹೇಳಬೇಕಾಗುವುದಿಲ್ಲ. ಜಾಣೆ ಅನ್ನಬೇಡಿ ಅಂತ ಮೇಡಂ ಆಗಲೇ ಹೇಳಿದ್ದಾರೆ.

ಮಂಡ್ಯ_ಕಬ್ಬು

ಹಂಗಾದ್ರೆ ಟ್ಯೂಷನ್ ಬೇಡ ಅಂತೀರಾ?

ಯಾದಗಿರಿ_ಗಣಿತ_ಮಾಸ್ತರ್

ಎಫ್‌ಎ-3 ತನಕ ಬೇಡ. ಅಲ್ಲಿಯೂ ಭಿನ್ನರಾಶಿಯಲ್ಲೇ ಮಾರ್ಕ್ಸ್ ಹೋದರೆ ಆಗ ನೋಡೋಣ.